ತಾಲೀಮಿನ ರಾತ್ರಿಗಳು

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ಯುವಜನರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಶತಮಾನೋತ್ಸವ ವರ್ಷದಲ್ಲಿ ನಮ್ಮ ಧರ್ಮಕೇಂದ್ರವನ್ನು ಕಟ್ಟಿ ಬೆಳೆಸಿದ ಗುರುಗಳನ್ನೂ ಉಪದೇಶಿಗಳನ್ನೂ ಕಲ್ಲುಮಣ್ಣು ಹೊತ್ತ ಹಿರಿಯರನ್ನೂ ಸ್ಮರಿಸುವ ಭಾಷಣಗಳು ಅನೇಕವಾಗಿ ನಡೆದಿವೆ. ಈ ಸಂಜೆ ನಮಗೆ ಒಪ್ಪಿಸಿರುವ ವಿಷಯ 'ಯುವಜನರು ಮತ್ತು ಸಂಗೀತ'. ವಿಷಯವು ವಿಶಾಲವಾದುದು. ನಾವು ಅದರಲ್ಲಿ ನಮ್ಮ ಸಭಾಭವನಕ್ಕೆ ಸಂಬಂಧಿಸಿದ ಒಂದು ಸಣ್ಣ ಸಂಗತಿಯನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಏಕೆಂದರೆ ಆ ಸಂಗತಿಯಲ್ಲಿ ನಮ್ಮದೇ ಒಂದು ತಪ್ಪು ಸೇರಿಕೊಂಡಿದೆ.

ತಮಗೆ ತಿಳಿದಿರುವಂತೆ, ಮೂರು ವರ್ಷಗಳ ಹಿಂದೆ ನಮ್ಮ ಐವರು ಹುಡುಗರು ಒಂದು ರಾಕ್ ವಾದ್ಯತಂಡವನ್ನು ಕಟ್ಟಿಕೊಂಡರು. ಒಬ್ಬನು ವಸಂತನರಸಾಪುರದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಇಬ್ಬರು ಕಾಲೇಜು ವಿದ್ಯಾರ್ಥಿಗಳು. ಒಬ್ಬನು ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುವವನು. ಡ್ರಮ್ಸ್ ಬಾರಿಸುವವನು ಗುಬ್ಬಿಯ ಎಲೆಕ್ಟ್ರಿಷಿಯನ್. ಇವರು ಸ್ವಂತ ಹಾಡು ಕಟ್ಟುವವರಲ್ಲ. ಪರದೇಶದ ತಂಡಗಳು ಹಾಡಿ ಪ್ರಸಿದ್ಧಗೊಳಿಸಿದ ಹಾಡುಗಳನ್ನು ಇದ್ದಂತೆಯೇ ನುಡಿಸುವವರು. ಇದಕ್ಕೆ 'ಕವರ್' ಎಂದು ಹೆಸರಂತೆ. ವಾರಕ್ಕೆ ಎರಡು ರಾತ್ರಿ ನಮ್ಮ ಸಭಾಭವನದಲ್ಲಿ ಇವರ ತಾಲೀಮು ನಡೆಯುತ್ತಿತ್ತು.

ಮೊದಲ ತಿಂಗಳಲ್ಲೇ ದೂರುಗಳು ಬಂದವು. ಜಪಸರದ ಹೊತ್ತಿಗೆ ಕಿಟಕಿಯ ಗಾಜುಗಳು ನಡುಗುತ್ತವೆ ಎಂದು ಒಬ್ಬರು; ಹಾಸಿಗೆ ಹಿಡಿದಿರುವ ಅಜ್ಜಿಗೆ ನಿದ್ದೆಯಿಲ್ಲ ಎಂದು ನೆರೆಮನೆಯವರು; "ಇದು ಸೈತಾನನ ಸಂಗೀತ ಸ್ವಾಮಿ, ದೇವಾಲಯದ ಆವರಣದಲ್ಲಿ ಇರಬಾರದು" ಎಂದು ಮತ್ತೆ ಕೆಲವರು. ಮೊದಲ ಎರಡು ದೂರುಗಳು ನ್ಯಾಯವಾದವು. ಮೂರನೆಯದನ್ನು ನಾವು ಪರಿಶೀಲಿಸಬೇಕಾಗಿತ್ತು, ಪರಿಶೀಲಿಸಲಿಲ್ಲ. ಬೂದಿ ಬುಧವಾರದ ಹಿಂದಿನ ದಿನ ಹುಡುಗರನ್ನು ಕರೆಸಿ ಬೀಗದ ಕೈಯನ್ನು ಹಿಂದಕ್ಕೆ ಪಡೆದೆವು. ಅವರು ವಾದಿಸಲಿಲ್ಲ. "ಆಯಿತು ಫಾದರ್" ಎಂದು ಪೆಟ್ಟಿಗೆಗಳನ್ನು ಗೂಡ್ಸ್ ಆಟೋಗೆ ಏರಿಸಿಕೊಂಡು ಹೋದರು. ವಾದಿಸಿದ್ದರೆ ನಮಗೇ ಒಳ್ಳೆಯದಾಗುತ್ತಿತ್ತೇನೋ.

ಆ ದಿನ ನಮ್ಮ ಮನಸ್ಸಿನಲ್ಲಿ ಗುರುಮಠದಲ್ಲಿ ಓದಿದ ಪಾಠವೊಂದು ಬೆಂಬಲವಾಗಿ ನಿಂತಿತ್ತು. ಜಗದ್ಗುರು ಹತ್ತನೆಯ ಪಯಸ್ಸರು 1903ರಲ್ಲಿ ಪವಿತ್ರ ಸಂಗೀತವನ್ನು ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ ದೇವಾಲಯದೊಳಗೆ ಪಿಯಾನೋವನ್ನೂ ಡ್ರಮ್ಮು, ತಾಳ ಮುಂತಾದ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದ್ದರು. ಆದರೆ ಅದೇ ಪಾಠದ ಮುಂದಿನ ಪುಟಗಳನ್ನು ನಾವು ಅನುಕೂಲವಾಗಿ ಮರೆತಿದ್ದೆವು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನವು, ಪವಿತ್ರ ಬಳಕೆಗೆ ಒಗ್ಗುವಂತಹ, ದೇವಾಲಯದ ಘನತೆಗೆ ಹೊಂದುವಂತಹ ಇತರ ವಾದ್ಯಗಳನ್ನು ಆಯಾ ಪ್ರಾಂತದ ಅಧಿಕಾರಿಗಳ ಸಮ್ಮತಿಯಿಂದ ಸೇರಿಸಿಕೊಳ್ಳಬಹುದೆಂದು ಬಾಗಿಲು ತೆರೆಯಿತು. ಅದಕ್ಕಿಂತಲೂ ಮುಖ್ಯವಾಗಿ, ಈ ಎರಡು ಶಾಸನಗಳೂ ಆರಾಧನೆಯ ಸಂಗೀತವನ್ನು ಕುರಿತವು. ನಾವು ಬೀಗ ಹಾಕಿದ್ದು ಸಭಾಭವನಕ್ಕೆ.

ಪಾಸ್ಕ ಹಬ್ಬ ಕಳೆದು ಮೇ ತಿಂಗಳ ಒಂದು ರಾತ್ರಿ, ಗುಬ್ಬಿಯ ಕಡೆ ಕಾಯಿಲೆಯ ಹಿರಿಯರೊಬ್ಬರಿಗೆ ಪರಮಪ್ರಸಾದ ಕೊಟ್ಟು ಹಿಂದಿರುಗುತ್ತಿದ್ದೆವು. ತೆಂಗಿನ ತೋಟವೊಂದರ ನಡುವಿನಿಂದ ಪರಿಚಿತವಾದ ಸದ್ದು ಬಂತು. ವಾಹನ ನಿಲ್ಲಿಸಿ ಹೋಗಿ ನೋಡಿದರೆ, ಡ್ರಮ್ಸಿನ ಹುಡುಗನ ಸೋದರಮಾವನ ಕೊಬ್ಬರಿ ಉಗ್ರಾಣ. ಗೋಣಿಚೀಲಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಒಂದೇ ಬಲ್ಬಿನ ಕೆಳಗೆ ನಮ್ಮ ಹುಡುಗರು ನಿಂತಿದ್ದರು. ಐವರಲ್ಲ, ನಾಲ್ವರು. "ಬನ್ನಿ ಫಾದರ್" ಎಂದು ಒಂದು ಚೀಲವನ್ನು ಉರುಳಿಸಿ ಕೂರಿಸಿದರು. ಬೆಂಕಿಯ ಮೇಲೆ ಕುಳಿತಂತೆಯೇ ಕುಳಿತೆವು.

ಅಲ್ಲಿ ಕಂಡದ್ದನ್ನು ತಮ್ಮ ಮುಂದೆ ಹೇಳಲೇಬೇಕು. ಹಾಡಿನ ನಡುವಿನ ಒಂದು ತುಣುಕು, ಎಣಿಸಿದರೆ ಹತ್ತು ಸೆಕೆಂಡೂ ಇಲ್ಲ. ಅದನ್ನು ಇಪ್ಪತ್ತು ಸಲವಾದರೂ ನುಡಿಸಿದರು. ತಪ್ಪಿದವನು ತಾನೇ ಕೈ ಎತ್ತಿ "ನನ್ನದು" ಎನ್ನುತ್ತಿದ್ದನು, ಯಾರೂ ಅವನನ್ನು ಬೈಯುತ್ತಿರಲಿಲ್ಲ, ಮತ್ತೆ ಮೊದಲಿನಿಂದ. ಡ್ರಮ್ಸಿನವನು ಬೇರೆಯವರ ಬೆರಳುಗಳನ್ನೇ ನೋಡುತ್ತಿದ್ದನು. ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತಿರುವ ನಮಗೆ, "ನನ್ನದು" ಎಂದು ಅಷ್ಟು ಸಲೀಸಾಗಿ ಹೇಳುವವರನ್ನು ನೋಡಿದ ನೆನಪು ಬಹಳವಿಲ್ಲ. ಕುಣಿಗಲ್ಲಿನ ಹುಡುಗನು ಗಡಿಯಾರ ನೋಡಿಕೊಂಡು, ಕೊನೆಯ ಬಸ್ಸಿಗೆ ಇನ್ನೊಂದು ಸಲ ನುಡಿಸುವಷ್ಟು ಹೊತ್ತಿದೆ ಎಂದನು.

ಹಾಡಿನ ಅರ್ಥವೇನೆಂದು ಕೇಳಿದೆವು. ಸೈತಾನನ ಹೆಸರನ್ನು ನಿರೀಕ್ಷಿಸಿಯೇ ಕೇಳಿದೆವೆಂದು ಒಪ್ಪಿಕೊಳ್ಳುತ್ತೇವೆ. ಅದು ಇಂಗ್ಲೆಂಡಿನ ಡೀಪ್ ಪರ್ಪಲ್ ಎಂಬ ತಂಡದ 'ಸ್ಮೋಕ್ ಆನ್ ದ ವಾಟರ್'. ಆ ತಂಡವು ಧ್ವನಿಮುದ್ರಣಕ್ಕೆಂದು ಸ್ವಿಟ್ಜರ್ಲೆಂಡಿನ ಮಾಂಟ್ರೂ ಪಟ್ಟಣಕ್ಕೆ ಹೋಗಿತ್ತು. 1971ರ ಡಿಸೆಂಬರ್ 4ರಂದು (ಮಹಾಸಭೆಯ ಸಂವಿಧಾನ ಹೊರಟ ದಿನಾಂಕವೇ, ಎಂಟು ವರ್ಷಗಳ ತರುವಾಯ!) ಮತ್ತೊಬ್ಬರ ಕಛೇರಿಯ ವೇಳೆಯಲ್ಲಿ ಪ್ರೇಕ್ಷಕನೊಬ್ಬನ ಪುಂಡಾಟದಿಂದ ಬೆಂಕಿ ಹತ್ತಿ, ಅವರು ಬಳಸಬೇಕಾಗಿದ್ದ ಕಟ್ಟಡವೇ ಸುಟ್ಟುಹೋಯಿತು, ಹೊಗೆಯು ಜಿನೀವಾ ಸರೋವರದ ನೀರಿನ ಮೇಲೆ ಹರಡಿತು. ಬೇರೊಂದು ರಂಗಮಂದಿರ ಹಿಡಿದರೆ ನೆರೆಯವರು ಸದ್ದಿನ ದೂರು ಕೊಟ್ಟರು, ಪೊಲೀಸರು ಬಂದರು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಒಂದು ಹೋಟೆಲಿನ ಓಣಿಯಲ್ಲಿ, ಗೋಡೆಗಳಿಗೆ ಹಾಸಿಗೆಗಳನ್ನು ಆನಿಸಿ ಕೆಲಸ ಮುಗಿಸಿದರು. ತಾಲೀಮಿಗೆ ಜಾಗ ಕಳೆದುಕೊಂಡವರ ಹಾಡು ಅದು. ಹುಡುಗರು ಯಾವ ಚುಚ್ಚುಮಾತೂ ಇಲ್ಲದೆ ಇದನ್ನು ವಿವರಿಸಿದರು.

ಹಿಂದಿರುಗುವ ದಾರಿಯಲ್ಲಿ ನಮಗೆ ನೆನಪಾದವರು ಸಂತ ಡಾನ್ ಬಾಸ್ಕೋರವರು. ಪ್ರತಿ ಜನವರಿ 31ರಂದು ಅವರನ್ನು ಕುರಿತು ಪ್ರಸಂಗ ಮಾಡಿದ್ದೇವೆ. ಟ್ಯೂರಿನ್ ನಗರದಲ್ಲಿ ಅವರು ಕೂಡಿಸಿಕೊಂಡಿದ್ದ ಬಡ ಹುಡುಗರ ಆಟ ಹಾಡುಗಳ ಗದ್ದಲ ತಾಳಲಾರದೆ, ಒಂದು ಸ್ಥಳದಿಂದ ಇನ್ನೊಂದಕ್ಕೆ ಅಟ್ಟಿದರು. 1846ರ ಪಾಸ್ಕ ಹಬ್ಬದಂದು ಪಿನಾರ್ದಿ ಎಂಬವರ ತಗ್ಗು ಮಾಡಿನ ಕೊಟ್ಟಿಗೆಯಲ್ಲಿ ಅವರಿಗೆ ನೆಲೆ ಸಿಕ್ಕಿತು. ಈ ಕಥೆಯಲ್ಲಿ ನಾವು ಇಷ್ಟು ವರ್ಷ ನಮ್ಮನ್ನು ಡಾನ್ ಬಾಸ್ಕೋರವರ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತನಾಡಿದ್ದೆವು. ಅಂದು ರಾತ್ರಿ ನಾವು ಅಟ್ಟಿದವರ ಸಾಲಿನಲ್ಲಿದ್ದೆವು.

ಹಿರಿಯರಲ್ಲಿ ಒಂದು ಬಿನ್ನಹ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುವುದನ್ನು ತಾವು ಬಲ್ಲಿರಿ. ಹಗಲೆಲ್ಲ ಉಳುವವನು ರಾತ್ರಿ ದುರ್ಯೋಧನನಾಗಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂಪನಿ ನಾಟಕದ ಮಟ್ಟುಗಳನ್ನು ಕಲಿಯುತ್ತಾನೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ, ಅದನ್ನು ನಾಡಿಗೆಲ್ಲ ಪರಿಚಯಿಸಿದ ವೀರಣ್ಣನವರೂ ಈ ಮಣ್ಣಿನವರು. ಇದೂ ಒಂದು ಬಗೆಯ 'ಕವರ್' ಅಲ್ಲವೇ? ನಮ್ಮದೆಂದು ನಾವು ಅಪ್ಪಿಕೊಂಡಿರುವ ಹಾರ್ಮೋನಿಯಮ್ಮಾದರೂ 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ. 1940ರಲ್ಲಿ ರೇಡಿಯೋದವರು ಅದನ್ನು ಪರಕೀಯವೆಂದು ಹೊರಗಿಟ್ಟು, ಮೂರು ದಶಕ ಒಳಗೆ ಬಿಡಲಿಲ್ಲ. ಇಂದು ಅದಿಲ್ಲದೆ ನಮ್ಮ ಗಾಯನವೃಂದ ಬಾಯಿ ತೆರೆಯುವುದಿಲ್ಲ.

ಜೂನ್ ತಿಂಗಳಲ್ಲಿ ಬೀಗದ ಕೈಯನ್ನು ಹುಡುಗರಿಗೆ ಹಿಂದಿರುಗಿಸಿದೆವು; ಕ್ಷಮೆಯನ್ನೂ ಕೇಳಿದೆವು. ಕಟ್ಟಳೆಗಳಿವೆ. ಕಾನೂನು ರಾತ್ರಿ ಹತ್ತರ ತನಕ ಧ್ವನಿವರ್ಧಕಕ್ಕೆ ಅವಕಾಶ ಕೊಟ್ಟರೂ ನಮ್ಮಲ್ಲಿ ಒಂಬತ್ತಕ್ಕೇ ನಿಲ್ಲಬೇಕು. ಅಜ್ಜಿಯ ಮನೆಯ ಕಡೆಯ ಕಿಟಕಿಗಳಿಗೆ ಹಳೆಯ ನಾರಿನ ಹಾಸಿಗೆಗಳನ್ನು ಕಟ್ಟಿದ್ದೇವೆ. ಮಾಂಟ್ರೂವಿನಿಂದ ಕಲಿತ ಉಪಾಯ. ಪವಿತ್ರ ವಾರದಲ್ಲಿ ತಾಲೀಮಿಲ್ಲ. ಬಲಿಪೂಜೆಯಲ್ಲಿ ಈ ಸಂಗೀತವನ್ನು ನುಡಿಸುವಂತಿಲ್ಲ. ಈ ಒಂದು ವಿಷಯದಲ್ಲಿ ನಾವು ಸಡಿಲಗೊಂಡಿಲ್ಲ. ಲೌಕಿಕ ಸಂಗೀತಕ್ಕೆ ಮಾತ್ರ ತಕ್ಕವೆಂದು ಜನರು ಭಾವಿಸುವ ವಾದ್ಯಗಳನ್ನು ಆರಾಧನೆಯಿಂದ ದೂರವಿಡಬೇಕೆಂದು 1967ರ ರೋಮಿನ ಸೂಚನೆಯೂ ಹೇಳುತ್ತದೆ. ಹುಡುಗರು ಅದನ್ನು ಕೇಳಿಯೂ ಇಲ್ಲ. "ಸೇರಿಸಿಕೊಳ್ಳಿ" ಎಂದು ಒತ್ತಾಯಿಸುತ್ತಿರುವವರು ಕೆಲವು ತಂದೆತಾಯಂದಿರೇ!

ಇನ್ನು ಉಗ್ರಾಣದಲ್ಲಿ ಕಾಣದಿದ್ದ ಐದನೆಯವನು. ನಾವು ಬೀಗ ಹಾಕಿದ ವಾರವೇ, "ಫಾದರೇ ತಪ್ಪೆಂದ ಮೇಲೆ ಮನೆಯಲ್ಲೇಕೆ ಇದು?" ಎಂದು ಅವನ ತಂದೆಯವರು ಗಿಟಾರನ್ನು ಮಾರಿಬಿಟ್ಟಿದ್ದರು. ಅವರನ್ನು ದೂರುವುದಿಲ್ಲ, ನಮ್ಮ ಮಾತನ್ನು ನಂಬಿದರು, ಅಷ್ಟೇ. ಗಿಟಾರನ್ನು ಹುಡುಕಿಕೊಂಡು ಅಂಗಡಿಗೆ ಹೋದೆವು; ಅದು ಬೇರೊಬ್ಬರ ಕೈ ಸೇರಿ ತಿಂಗಳಾಗಿತ್ತು. ಹುಡುಗನು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗಲೂ ದೇವಾಲಯದತ್ತ ಸುಳಿದಿಲ್ಲ. ಶತಮಾನೋತ್ಸವದ ಸಂಜೆ, ಬಲಿಪೂಜೆ ಮುಗಿದ ಬಳಿಕ, ಸಭಾಭವನದ ಅಂಗಳದಲ್ಲಿ ತಂಡದ ಕಾರ್ಯಕ್ರಮವಿದೆ. ಅವನಿಗೆ ನಮ್ಮ ಕೈಯಾರೆ ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ನಾಲ್ವರೂ ತಾಲೀಮಿನಲ್ಲಿ ಅವನ ಭಾಗವನ್ನು ಬೇರೆ ಯಾರಿಗೂ ಕೊಡದೆ ಬಿಟ್ಟೇ ನುಡಿಸುತ್ತಿದ್ದಾರೆ.