ಪ್ರೂಫ್ ನೋಡುವ ಹೊತ್ತಿನಲ್ಲಿ ನಿದ್ದೆ ಬೇಡ

(ಶ್ರೀಗಂಧದ ಕಾವಲ್‌ನಲ್ಲಿ ಕನ್ನಡ ಯುವಕರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿನಲ್ಲಿ ಕೂತವನು. ಬಿಲ್ ಬುಕ್ಕು, ಲಗ್ನಪತ್ರಿಕೆ, ನೀವು ನವೆಂಬರಿನಲ್ಲಿ ಹಂಚುವ ಕರಪತ್ರ ಇವೇ ನನ್ನ ವಿದ್ಯೆ. ಇವತ್ತು ಮಾತಾಡಬೇಕಾಗಿರುವುದು ನಮ್ಮ ಮಾಗಡಿ ರಸ್ತೆಯ ಮೇಲೆ ಬರಲಿರುವ ಮೆಟ್ರೋ ಬಗ್ಗೆ. ಸಾವಿರಾರು ಕೋಟಿಯ ಕೆಲಸ ನಮ್ಮ ಬಾಗಿಲಿಗೇ ಬರುತ್ತಿದೆ. ಅದರಲ್ಲಿ ನಮ್ಮ ನುಡಿಗೆ, ನಮ್ಮ ಹುಡುಗರಿಗೆ ಜಾಗ ಎಲ್ಲಿ?

ಮೊದಲು ಲೆಕ್ಕ ತಿಳಿದುಕೊಳ್ಳಿ. ಲೆಕ್ಕ ಗೊತ್ತಿಲ್ಲದೆ ಘೋಷಣೆ ಕೂಗಿದರೆ ಅಧಿಕಾರಿ ನಗುತ್ತಾನೆ. 2024ರ ಆಗಸ್ಟ್ 16ರಂದು ಕೇಂದ್ರ ಸಚಿವ ಸಂಪುಟ ನಮ್ಮ ಮೆಟ್ರೋ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಎರಡು ಮಾರ್ಗ, 44.65 ಕಿ.ಮೀ., 31 ನಿಲ್ದಾಣ, 15,611 ಕೋಟಿ ರೂಪಾಯಿ. ಒಂದು ಮಾರ್ಗ ಜೆ.ಪಿ. ನಗರ 4ನೇ ಹಂತದಿಂದ ಹೊರವರ್ತುಲ ರಸ್ತೆ ಹಿಡಿದು ಕೆಂಪಾಪುರಕ್ಕೆ. ಇನ್ನೊಂದು ನಮ್ಮದು. ಹೊಸಹಳ್ಳಿಯಿಂದ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ ದಾಟಿ ಕಡಬಗೆರೆಗೆ 12.5 ಕಿ.ಮೀ., 9 ನಿಲ್ದಾಣ. ಎರಡೂ ಮಾರ್ಗ ಕೂಡುವುದು ಸುಮನಹಳ್ಳಿಯಲ್ಲಿ. 2025ರ ಆಗಸ್ಟ್ 10ರಂದು ಪ್ರಧಾನಿ ಶಂಕುಸ್ಥಾಪನೆಯನ್ನೂ ಮಾಡಿ ಹೋದರು.

ಒಪ್ಪಿಗೆ ಕೊಟ್ಟಾಗ ಹೇಳಿದ್ದು 2029ಕ್ಕೆ ರೈಲು ಓಡುತ್ತದೆ ಎಂದು. ಆ ವರ್ಷವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ! ಬೊಮ್ಮಸಂದ್ರದ ಹಳದಿ ಮಾರ್ಗ ಸೇರಿದ ಎರಡನೇ ಹಂತಕ್ಕೆ ಕೇಂದ್ರ ಒಪ್ಪಿದ್ದು 2014ರಲ್ಲಿ. ಆ ಮಾರ್ಗದಲ್ಲಿ ಜನ ರೈಲು ಹತ್ತಿದ್ದು 2025ರಲ್ಲಿ. ಹನ್ನೊಂದು ವರ್ಷ! ನಮ್ಮಲ್ಲಿ ಮೆಟ್ರೋ ಜೊತೆಗೇ ಡಬಲ್ ಡೆಕ್ಕರ್ ಮೇಲ್ಸೇತುವೆ ಕಟ್ಟುವುದು ರಾಜ್ಯ ಸರ್ಕಾರದ ತೀರ್ಮಾನ. ಅಂದರೆ ಕಂಬ ದಪ್ಪ, ಅಗೆತ ಹೆಚ್ಚು, ಧೂಳು ನಮ್ಮ ಪಾಲು. ಮೇಲ್ಸೇತುವೆ ಅಂದರೆ ನಮಗೆ ಹೊಸದೇನಲ್ಲ. ಸುಮನಹಳ್ಳಿ ಮೇಲ್ಸೇತುವೆ 2019ರಲ್ಲಿ ಕಬ್ಬಿಣದ ಸರಳು ಕಾಣುವ ಹಾಗೆ ತೂತು ಬಿತ್ತು. ತೇಪೆ ಹಾಕಿದರು. 2022ರಲ್ಲಿ ಮತ್ತೆ ತೂತು!

ಇದನ್ನೆಲ್ಲ ಯಾರನ್ನು ಕೇಳಬೇಕು? ಹಿಂದೆ ವಾರ್ಡಿಗೊಬ್ಬ ಕಾರ್ಪೊರೇಟರ್ ಇದ್ದ. ಒಳ್ಳೆಯವನೋ ಕೆಟ್ಟವನೋ, ಮದುವೆ ಮನೆಯಲ್ಲಾದರೂ ಸಿಗುತ್ತಿದ್ದ, ಕೈ ಹಿಡಿದು ಕೇಳಬಹುದಿತ್ತು. 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನೇ ಐದು ಪಾಲಿಕೆಗಳಾಗಿ ಒಡೆದರು. ನಮ್ಮ ಕಾಲದ ಅತಿ ದೊಡ್ಡ ಕಾಮಗಾರಿಯ ನಕ್ಷೆ ಬರೆದು, ಒಪ್ಪಿಗೆ ಪಡೆದು, ಕಲ್ಲು ಹಾಕಿದ ಅಷ್ಟೂ ವರ್ಷ ನಮ್ಮ ವಾರ್ಡಿನ ಪರವಾಗಿ ಪಾಲಿಕೆಯಲ್ಲಿ ಎದ್ದು ನಿಂತು ಮಾತಾಡುವ ಒಂದು ಕುರ್ಚಿಯೂ ಇರಲಿಲ್ಲ. ಆದ್ದರಿಂದ ಕೇಳುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ.

ನಮ್ಮ ಕಸುಬಿನಲ್ಲಿ ಒಂದು ಲೆಕ್ಕವಿದೆ. ತಪ್ಪನ್ನು ಪ್ರೂಫಿನಲ್ಲಿ ಹಿಡಿದರೆ ಖರ್ಚು ಒಂದು ಪೆನ್ನಿನ ಗೀಟು. ಅಚ್ಚಾದ ಮೇಲೆ ಹಿಡಿದರೆ ರೀಮುಗಟ್ಟಲೆ ಕಾಗದ ರದ್ದಿಗೆ. 2017ರಲ್ಲಿ ಆದದ್ದು ಇದೇ. ಮೆಟ್ರೋ ನಿಲ್ದಾಣಗಳಲ್ಲಿ ಹಿಂದಿ ಬೋರ್ಡು ತೂಗಿ ಎಷ್ಟೋ ಕಾಲವಾದ ಮೇಲೆ ನಾವು ಎದ್ದೆವು. ಕನ್ನಡಿಗರು ಬೀದಿಗಿಳಿದರು, ಹಿಂದಿ ಅಕ್ಷರಗಳ ಮೇಲೆ ಕಾಗದ ಅಂಟಿತು, ಕೊನೆಗೆ ರಾಜ್ಯ ಸರ್ಕಾರವೇ ಹಿಂದಿ ತೆಗೆಯಿರಿ ಎಂದಿತು. ಗೆದ್ದೆವು, ನಿಜ. ಆದರೆ ಅದು ಅಚ್ಚಾದ ಮೇಲೆ ತಿದ್ದಿದ್ದು. ಮಾಗಡಿ ರಸ್ತೆಯ ನಿಲ್ದಾಣಗಳಿಗೆ ಇನ್ನೂ ಬೋರ್ಡು ಬರೆದಿಲ್ಲ. ಈಗ ಪ್ರೂಫ್ ನಮ್ಮ ಕೈಯಲ್ಲಿದೆ.

ನಿಲ್ದಾಣದ ಪಟ್ಟಿ ಓದಿ ನೋಡಿ. ಕೆಎಚ್‌ಬಿ ಕಾಲೋನಿ, ಕಾಮತ್ ಲೇಔಟ್! ಹೊರವರ್ತುಲ ರಸ್ತೆಯ ಕಡೆ ಬಿಡಿಎ ಕಾಂಪ್ಲೆಕ್ಸ್. ಊರಿನ ಹೆಸರು ಹೋಗಿ ಇಂಗ್ಲಿಷ್ ಅಕ್ಷರಗಳು ಕೂತಿವೆ. ಸುಂಕದಕಟ್ಟೆ ಎಂದರೆ ಸುಂಕ ವಸೂಲಿಯ ಕಟ್ಟೆ, ಹೆಸರೇ ಹೇಳುತ್ತದೆ. ನಮ್ಮ ಕಾವಲ್ ಅಂದರೆ ದನ ಮೇಯುವ ಹುಲ್ಲುಗಾವಲು, ಅದರ ಹೆಸರಿನಲ್ಲಿ ಶ್ರೀಗಂಧ. ಇಷ್ಟು ಚೆಂದದ ಹೆಸರು ಇಡೀ ಮಾಗಡಿ ರಸ್ತೆಯ ಮಾರ್ಗದ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನಾವಾದರೂ ಉಳಿಸಿಕೊಂಡಿದ್ದೇವೆಯೇ? ವಿಸಿಟಿಂಗ್ ಕಾರ್ಡು ಮಾಡಿಸಲು ಬರುವ ನಮ್ಮ ಹುಡುಗರು ಇಂಗ್ಲಿಷಿನಲ್ಲಿ ‘ಎಸ್.ಜಿ. ಕಾವಲ್’ ಎಂದು ಬರೆದು ಕೊಡುತ್ತಾರೆ. ಪೂರ್ತಿ ಬರೆದವರು ಒಂದು ಎಚ್ ನುಂಗಿರುತ್ತಾರೆ. ಅದನ್ನು ಯಾರೋ ಮತ್ತೆ ಕನ್ನಡಕ್ಕೆ ಇಳಿಸಿದರೆ ಗಂಧ ಹೋಗಿ ‘ಶ್ರೀಗಂಡ’ನಾಗುತ್ತಾನೆ! ನಗಬೇಡಿ. ಇಂಗ್ಲಿಷಿನಲ್ಲಿ ಯೋಚಿಸಿ ಆಮೇಲೆ ಕನ್ನಡ ಬರೆಯುವ ಬೋರ್ಡುಗಳೆಲ್ಲ ಹೀಗೇ ಆಗುವುದು.

ಬೋರ್ಡಿಗಿಂತ ದೊಡ್ಡದು ನೋಟಿಸು. ನಮ್ಮ ಬೀದಿಯ ಅಂಗಡಿಯವರೊಬ್ಬರು ಒಂದು ಕಚೇರಿಯಿಂದ ಬಂದ ಇಂಗ್ಲಿಷ್ ಕಾಗದ ಹಿಡಿದು ನನ್ನ ಪ್ರೆಸ್ಸಿಗೆ ಬಂದಿದ್ದರು. “ಅಣ್ಣಾ, ಇದರಲ್ಲಿ ಏನಿದೆ ನೋಡು” ಎಂದರು. ಮೂವತ್ತು ವರ್ಷ ತೆರಿಗೆ ಕಟ್ಟಿದ ಮನುಷ್ಯ, ತನ್ನ ಅಂಗಡಿಯ ವಿಷಯವನ್ನೇ ಇನ್ನೊಬ್ಬನ ಕೈಲಿ ಓದಿಸಿಕೊಳ್ಳಬೇಕೇ? ಮೆಟ್ರೋಗೆ ಬೇಕಾದ ಜಾಗವನ್ನು ಕೆಐಎಡಿಬಿ ಮೂಲಕ ಸ್ವಾಧೀನ ಮಾಡುತ್ತಾರೆ. ಆ ಕಾಯ್ದೆಯಲ್ಲಿ ನೋಟಿಸು ಕೈ ಸೇರಿದ ಮೇಲೆ ಆಕ್ಷೇಪಣೆಗೆ ಇರುವುದು 30 ದಿನ. ಕಾಗದ ಅರ್ಥವಾಗುವಷ್ಟರಲ್ಲಿ ಹತ್ತು ದಿನ ಹೋದರೆ ನಷ್ಟ ಯಾರದು? ರಾಜ್ಯದ ಆಡಳಿತ ಭಾಷೆ ಕನ್ನಡ ಎಂದು 1963ರಲ್ಲೇ ಕಾಯ್ದೆಯಾಗಿದೆ ಸ್ವಾಮಿ! ಪ್ರತಿ ನೋಟಿಸೂ, ಪ್ರತಿ ನಕ್ಷೆಯ ವಿವರವೂ ಕನ್ನಡದಲ್ಲಿ ಬರಲಿ ಎಂದು ಪಟ್ಟು ಹಿಡಿಯಿರಿ.

ಕೆಲಸದ ಮಾತು ಕೇಳಿ. 2025ರ ಮಾರ್ಚಿನಲ್ಲಿ ಮೆಟ್ರೋ ನಿಗಮ ಗುತ್ತಿಗೆ ಮೇಲೆ 50 ರೈಲು ಚಾಲಕರನ್ನು ಕರೆಯಿತು. ಷರತ್ತು, ಮೂರು ವರ್ಷದ ಅನುಭವ. ಹೊಸದಾಗಿ ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗನಿಗೆ ರೈಲು ಓಡಿಸಿದ ಅನುಭವ ಎಲ್ಲಿಂದ ಬರಬೇಕು? ಬೇರೆ ಊರಿನ ಮೆಟ್ರೋದಲ್ಲಿ ಓಡಿಸಿದವನಿಗೆ ಮಾತ್ರ ಬಾಗಿಲು ತೆರೆದ ಹಾಗಾಯಿತು. ಕನ್ನಡಿಗರು ಗದ್ದಲ ಮಾಡಿದರು, ಪ್ರಕಟಣೆ ವಾಪಸಾಯಿತು. ಹೊರಗಿನಿಂದ ಬಂದವರನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ಅವರೂ ಹೊಟ್ಟೆಪಾಡಿಗೆ ಬಂದವರು. ನನ್ನ ಜಗಳ ಷರತ್ತು ಬರೆಯುವ ಕೈ ಜೊತೆ. ಹೊಸಬರನ್ನು ತೆಗೆದುಕೊಂಡು ಇಲ್ಲೇ ತರಬೇತಿ ಕೊಡಿ ಎಂದು ಈಗಿನಿಂದಲೇ ಕೇಳಬೇಕು. ರೈಲು ಬರುವ ಹೊತ್ತಿಗೆ ಇವತ್ತು ಎಸ್ಸೆಸ್ಸೆಲ್ಸಿ ಓದುತ್ತಿರುವವನು ಚಾಲಕನಾಗುವ ವಯಸ್ಸಿಗೆ ಬಂದಿರುತ್ತಾನೆ.

ಹೊರವರ್ತುಲ ರಸ್ತೆಯ ಮಾರ್ಗ ಕಂಠೀರವ ಸ್ಟುಡಿಯೋ ಪಕ್ಕದಲ್ಲೇ ಹೋಗುತ್ತದೆ. ಡಾ. ರಾಜ್‌ಕುಮಾರ್ ಸಮಾಧಿ ಇರುವುದು ಅಲ್ಲೇ. 1982ರಲ್ಲಿ ಗೋಕಾಕ್ ಚಳವಳಿಗೆ ಆ ಮಹಾನುಭಾವ ಬೀದಿಗೆ ಬಂದಾಗ ಲಕ್ಷಾಂತರ ಜನ ಹಿಂದೆ ಬಂದರು. ಈಗ ಅಷ್ಟು ಜನ ಬೇಡ. ನಮ್ಮ ಕಾವಲ್‌ನಿಂದ ಐವತ್ತು ಅರ್ಜಿ ಸಾಕು. ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಕಾನೂನೇ ಹಾಗಿದೆ, ಶುಲ್ಕ 10 ರೂಪಾಯಿ. ನಿಲ್ದಾಣಗಳ ಹೆಸರನ್ನು ಅಂತಿಮ ಮಾಡುವವರು ಯಾರು, ಸುಂಕದಕಟ್ಟೆಯ ಇಳಿದಾಣ ಯಾವ ಬದಿಗೆ ಬರುತ್ತದೆ, ನೋಟಿಸುಗಳು ಯಾವ ಭಾಷೆಯಲ್ಲಿವೆ, ರಸ್ತೆ ಅಗೆದಾಗ ಬಿಎಂಟಿಸಿ ಬಸ್ಸು ಯಾವ ದಾರಿ ಹಿಡಿಯುತ್ತದೆ. ಇಷ್ಟು ಕೇಳಿ. ಶಾಸಕರು ಬಂದಾಗಲೂ ಹಾರ ಹಾಕುವ ಮೊದಲು ಇದೇ ಕಾಗದ ಕೈಗೆ ಕೊಡಿ.

ಅರ್ಜಿಯ ಮಾದರಿಯನ್ನು ನಾನು ಅಚ್ಚು ಹಾಕಿಸಿಡುತ್ತೇನೆ, ಕಾಗದದ ಖರ್ಚು ನನ್ನದು. ಭಾನುವಾರ ಹತ್ತು ಗಂಟೆಯೊಳಗೆ ಪ್ರೆಸ್ಸಿಗೆ ಬಂದು ಕಟ್ಟು ತೆಗೆದುಕೊಂಡು ಹೋಗಿ. ಒಬ್ಬೊಬ್ಬರು ಒಂದೊಂದು ಅಡ್ಡರಸ್ತೆ ಹಂಚಿಕೊಳ್ಳಿ.