ನಿಮ್ಮ ಮಗು ತರಗತಿಯಲ್ಲಿ ಏನು ಮಾಡುತ್ತದೆ?

(ಪಾಲಕರ ಸಭೆಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ರಾಗಿ ಕೊಯ್ಲು ಇನ್ನೂ ಮುಗಿದಿಲ್ಲ. ಆದರೂ ಇಷ್ಟು ಮಂದಿ ಬಂದು ಕುಳಿತಿದ್ದೀರಿ. ತಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ಒಂದು ಪ್ರಶ್ನೆಯನ್ನು ಕೇಳಿ, ಅದರ ಸುತ್ತಲೇ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ನಿಮ್ಮ ಹೊಲದ ಯಾವ ಮೂಲೆಯಲ್ಲಿ ತೆನೆ ಜೊಳ್ಳಾಗಿದೆ, ನಿಮ್ಮ ಹಸು ಈ ವಾರ ಹಾಲು ಎಷ್ಟು ಇಳಿಸಿದೆ ಎಂದು ಕೇಳಿದರೆ ತಾವು ಥಟ್ಟನೆ ಹೇಳುತ್ತೀರಿ. ನಿಮ್ಮ ಮಗು ನಿನ್ನೆ ತರಗತಿಯಲ್ಲಿ ಏನು ಮಾಡಿತು ಎಂದು ಕೇಳಿದರೆ? ‘ಓದ್ತಾ ಐತೆ ಸಾರ್’ ಎನ್ನುತ್ತೀರಿ. ಅದಕ್ಕಿಂತ ಮುಂದೆ ಮಾತು ಹೋಗುವುದಿಲ್ಲ. ಇದರಲ್ಲಿ ತಪ್ಪು ತಮ್ಮದೆಂದು ನಾನು ಹೇಳಲಾರೆ. ಬೆಳಿಗ್ಗೆ ಮಗುವನ್ನು ಒಳಗೆ ಕರೆದುಕೊಂಡು ಸಂಜೆ ಹೊರಗೆ ಬಿಡುವ ನಾವು, ನಡುವಿನ ಆರೇಳು ಗಂಟೆಗಳ ಸಮಾಚಾರವನ್ನು ತಮಗೆ ಮುಟ್ಟಿಸಲಿಲ್ಲ. ತಪ್ಪು ಮೊದಲು ನಮ್ಮದು.

ನಾನು ಮೊದಲು ಕೆಲಸ ಮಾಡುತ್ತಿದ್ದ ಊರಿನಲ್ಲಿ ಒಬ್ಬ ರೈತರು ಒಂದು ದಿನ ಶಾಲೆಯ ಬಾಗಿಲಲ್ಲಿ ನಿಂತು, ‘ಮೇಷ್ಟ್ರೇ, ಹುಡುಗನ ಟಿ.ಸಿ. ಕೊಡಿ’ ಎಂದರು. ಯಾಕೆಂದು ಕೇಳಿದೆ. ‘ನೀವು ಓದಿಸೋದಿಲ್ಲ, ಬರೀ ಆಟ ಆಡಿಸ್ತೀರಂತೆ. ಒಂದನೇ ಕ್ಲಾಸು, ಮೂರನೇ ಕ್ಲಾಸು ಎಲ್ಲಾ ಒಂದೇ ರೂಮಲ್ಲಿ ಕೂರಿಸ್ತೀರಂತೆ. ಪೇಟೆ ಸ್ಕೂಲಿಗೆ ವ್ಯಾನು ಬರುತ್ತೆ, ಅಲ್ಲಿಗೆ ಹಾಕ್ತೀನಿ’ ಎಂದರು. ವ್ಯಾನಿನ ಹಣಕ್ಕಾಗಿ ಅವರು ಎರಡು ಕುರಿ ಮಾರಲು ಹೊರಟಿದ್ದರು. ಆಡಿಸುವುದೂ ನಿಜ, ಒಂದೇ ಕೊಠಡಿಯಲ್ಲಿ ಕೂರಿಸುವುದೂ ನಿಜ. ಹೀಗೇಕೆ ಮಾಡುತ್ತೇವೆಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಅವರನ್ನು ಒಳಗೆ ಕರೆದು ಒಂದು ಗಂಟೆ ಕೂರಿಸಿಕೊಂಡೆ. ಅಂದು ಅವರಿಗೆ ತೋರಿಸಿದ್ದನ್ನೇ ಇಂದು ತಮಗೂ ಹೇಳುತ್ತೇನೆ.

ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮಲ್ಲಿ ನಡೆಯುವ ಪದ್ಧತಿಗೆ ‘ನಲಿ-ಕಲಿ’ ಎಂದು ಹೆಸರು. ಇದು ಹುಟ್ಟಿದ್ದು ನಮ್ಮ ನಾಡಿನ ಹಳ್ಳಿಗಳಲ್ಲೇ. ಮದನಪಲ್ಲಿಯ ಹತ್ತಿರ ಇರುವ ಋಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದ ಉಪಾಧ್ಯಾಯರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹರಡಿತು. ಇದರಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಬರೆದಿರುತ್ತಾರೆ. ಒಂದೊಂದು ಕಾರ್ಡಿಗೂ ಒಂದು ಚಿತ್ರದ ಗುರುತು. ಆ ಮೆಟ್ಟಿಲುಗಳೆಲ್ಲ ಸೇರಿದ ಪಟ ಗೋಡೆಯ ಮೇಲಿರುತ್ತದೆ. ಅದು ಕಲಿಕೆಯ ಏಣಿ. ಮಗು ತಾನೇ ಏಣಿಯ ಹತ್ತಿರ ಹೋಗಿ, ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ನೋಡಿ, ಆ ಗುರುತಿನ ಕಾರ್ಡನ್ನು ತಟ್ಟೆಯಿಂದ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಹೊಸ ಪಾಠ ಕಲಿಯುವವರು ನನ್ನ ಬಳಿ ಕೂರುತ್ತಾರೆ. ಸ್ವಲ್ಪ ಬಲ್ಲವರು ಜೊತೆಯ ಮಕ್ಕಳ ನೆರವಿನಿಂದ ಕಲಿಯುತ್ತಾರೆ. ಚೆನ್ನಾಗಿ ಬಂದವರು ತಾವಾಗಿಯೇ ಅಭ್ಯಾಸ ಮಾಡುತ್ತಾರೆ. ಹೀಗಾಗಿ ಕೊಠಡಿಯಲ್ಲಿ ಗಲಾಟೆ ಇರುತ್ತದೆ. ಆ ಗಲಾಟೆಯನ್ನು ದಾರಿಯಲ್ಲಿ ನಿಂತು ಕೇಳಿದವರಿಗೆ ಮೇಷ್ಟ್ರು ಒಳಗಿಲ್ಲವೆಂದೇ ತೋರುತ್ತದೆ!

ಇದರಿಂದಾಗುವ ಉಪಯೋಗವೇನೆಂದರೆ, ಜ್ವರ ಬಂದು ಹತ್ತು ದಿನ ತಪ್ಪಿಸಿಕೊಂಡ ಮಗು ತಿರುಗಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹಳೆಯ ಕ್ರಮದಲ್ಲಿ ಪಾಠ ಮುಂದೆ ಹೋಗಿಬಿಡುತ್ತಿತ್ತು, ಮಗು ಹಿಂದೆ ಉಳಿಯುತ್ತಿತ್ತು. ಈ ಪದ್ಧತಿಯಲ್ಲಿ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೂವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವಾಗ, ಸುಮ್ಮನೆ ಮೂಲೆಯಲ್ಲಿ ಕೂರುವ ಮಗು ನಮ್ಮ ಕಣ್ಣಿಗೆ ಬೀಳದೆ ಹೋಗುವುದುಂಟು. ಅಂಥ ಒಂದು ಮಗುವಿನ ವಿಚಾರವನ್ನು ಹೇಳಬೇಕು.

ಗೋಡೆಯ ಮೇಲೆ ಏಣಿಯ ಪಕ್ಕದಲ್ಲಿ ‘ಪ್ರಗತಿ ನೋಟ’ವೆಂಬ ಇನ್ನೊಂದು ಹಾಳೆ ಇರುತ್ತದೆ. ಅದರಲ್ಲಿ ಪ್ರತಿ ಮಗುವಿನ ಹೆಸರು, ಮುಂದೆ ಅದು ದಾಟಿದ ಮೈಲಿಗಲ್ಲುಗಳು. ಎರಡನೆಯ ತರಗತಿಯ ಒಬ್ಬ ಹುಡುಗಿಯ ಗುರುತು ಎರಡು ತಿಂಗಳು ಒಂದೇ ಕಡೆ ನಿಂತಿತ್ತು. ದಡ್ಡಿಯೆಂದು ನಾನೇ ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದೆ. ಮನೆಗೆ ಒಂದು ಚೀಟಿ ಬರೆದು ಕಳುಹಿಸಿದೆ. ಉತ್ತರ ಬರಲಿಲ್ಲ. ಇನ್ನೊಂದು ಕಳುಹಿಸಿದೆ. ಅದಕ್ಕೂ ಬರಲಿಲ್ಲ. ತಾಯಿಗೆ ಲಕ್ಷ್ಯವಿಲ್ಲವೆಂದು ಬೇಸರಪಟ್ಟೆ. ಒಂದು ಸಂಜೆ ಮನೆಗೇ ಹೋದಾಗ ತಿಳಿಯಿತು: ಆಕೆಗೆ ಓದು ಬರುವುದಿಲ್ಲ. ಎರಡು ಚೀಟಿಗಳನ್ನೂ ದೇವರ ಗೂಡಿನಲ್ಲಿ ಮಡಿಸಿ ಇಟ್ಟಿದ್ದರು. ‘ಮೇಷ್ಟ್ರು ಕಳ್ಸಿದ್ದು, ಏನೋ ಸರ್ಕಾರದ್ದು ಇರಬೇಕು ಅಂತ ಜೋಪಾನ ಮಾಡಿವ್ನಿ ಸ್ವಾಮಿ’ ಎಂದರು. ನನಗೆ ನಾಚಿಕೆಯಾಯಿತು.

ಮಾತಾಡುತ್ತಾ ಇನ್ನೊಂದು ಸಂಗತಿ ಹೊರಬಿತ್ತು. ತಾಯಿ ವಾರಕ್ಕೊಮ್ಮೆ ಸೊಪ್ಪು ಮಾರಲು ಸಂತೆಗೆ ಹೋಗುತ್ತಿದ್ದರು. ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳಲು ಹುಡುಗಿ ಮನೆಯಲ್ಲಿ ಉಳಿಯುತ್ತಿದ್ದಳು. ‘ವಾರಕ್ಕೆ ಒಂದು ದಿನ ತಾನೇ?’ ಎಂದು ತಾಯಿ ಕೇಳಿದರು. ಲೆಕ್ಕ ಹಾಕಿ ನೋಡಿ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ವಾರಕ್ಕೆ ಆರು ದಿನದಂತೆ ಅದು ಮೂವತ್ತಮೂರು ವಾರಗಳಾಯಿತು. ಮೂವತ್ತಮೂರು ಸಂತೆಗಳೆಂದರೆ ಒಂದು ತಿಂಗಳಿಗಿಂತ ಹೆಚ್ಚಿನ ಶಾಲೆ ಹೋಯಿತು. ಹಬ್ಬ, ನೆಂಟರ ಮದುವೆ, ನೆಗಡಿ ಜ್ವರ ಇದರ ಮೇಲೆ. ಹುಡುಗಿ ದಡ್ಡಿಯಾಗಿರಲಿಲ್ಲ. ಹಾಜರಿ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ವಾರದ ಅದೇ ದಿನ ಗೈರುಹಾಜರಿ ಬೀಳುತ್ತಿರುವುದನ್ನು ನಾನು ನೋಡಬೇಕಾಗಿತ್ತು, ನೋಡಿರಲಿಲ್ಲ.

ಅಂಗನವಾಡಿಗೆ ಮೂರು ವರ್ಷ ತುಂಬಿದ ಮಗುವನ್ನು ಕಳುಹಿಸಬಹುದೆಂದು ತಾಯಿಗೆ ಹೇಳಿದೆ. ಮಗು ಅತ್ತೀತೆಂದು ಅವರಿಗೆ ಭಯ. ಮೊದಲ ಎರಡು ವಾರ ಅತ್ತಿತು. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಓಡಿಹೋಗಿ ಸಮಾಧಾನ ಮಾಡಿ ಬರುತ್ತಿದ್ದಳು. ಮೂರನೆಯ ವಾರ ಅವನೇ ಅಕ್ಕನ ಕೈಬಿಟ್ಟು ಮುಂದೆ ಓಡತೊಡಗಿದ. ಯುಗಾದಿಯ ಹೊತ್ತಿಗೆ ಹುಡುಗಿ ನಾಲ್ಕು ಮೈಲಿಗಲ್ಲು ದಾಟಿದ್ದಳು.

ಆ ಮೇಲೆ ನಾನು ಚೀಟಿ ಬರೆಯುವುದನ್ನು ಬಹಳ ಮಟ್ಟಿಗೆ ನಿಲ್ಲಿಸಿದೆ. ಈಗಿನ ಕಾಲದಲ್ಲಿ ಮೊಬೈಲಿನ ವಾಟ್ಸಾಪ್ ಗುಂಪು ಇದೆಯಲ್ಲಾ ಎಂದು ಕೆಲವರು ಹೇಳುತ್ತಾರೆ. ನಮಗೂ ಇದೆ. ರಜೆಯ ಸಮಾಚಾರ, ಲಸಿಕೆಯ ದಿನ ತಿಳಿಸಲು ಅದು ಅನುಕೂಲ. ಆದರೆ ಫೋನು ಇರುವುದು ತಂದೆಯ ಜೇಬಿನಲ್ಲಿ, ತಂದೆ ಇರುವುದು ಹೊಲದಲ್ಲಿ. ಮಗುವಿನ ಬಟ್ಟೆ, ಊಟ, ಹೋಂವರ್ಕು ನೋಡುವವರು ತಾಯಿ. ಅಲ್ಲದೆ ಒಂದು ಮಗುವಿನ ಕುಂದನ್ನು ಎಲ್ಲರೂ ಓದುವ ಗುಂಪಿನಲ್ಲಿ ಹಾಕುವುದು ಸರಿಯಲ್ಲ. ಮುಖ ನೋಡಿ ಆಡುವ ಮಾತು ಬೇರೆ.

ಮಾತಾಡುವಾಗಲೂ ನಾವು ಉಪಾಧ್ಯಾಯರು ಒಂದು ತಪ್ಪು ಮಾಡುತ್ತೇವೆ. ದೂರಿದ್ದಾಗ ಮಾತ್ರ ತಮ್ಮನ್ನು ಕರೆಸುತ್ತೇವೆ. ಒಬ್ಬ ಹುಡುಗ ಕಿಟಕಿಯ ಗಾಜು ಒಡೆದನೆಂದು ತಂದೆಗೆ ಹೇಳಿ ಕಳುಹಿಸಿದೆ. ತಂದೆ ಬಂದವರೇ ನನ್ನೆದುರಿಗೇ ಅವನಿಗೆ ಬಾರಿಸಿದರು. ಶಾಲೆಯಲ್ಲಿ ಮಗುವನ್ನು ಹೊಡೆಯಕೂಡದೆಂದು, ಮನಸ್ಸು ನೋಯಿಸಲೂಕೂಡದೆಂದು ಆ ಕಾಯಿದೆಯೇ ವಿಧಿಸಿದೆ. ನಾನು ಹೊಡೆಯಲಿಲ್ಲ, ಸರಿ, ಹೊಡೆಸಿದಂತಾಯಿತಲ್ಲ! ಆ ಹುಡುಗ ಒಂದು ವಾರ ನನ್ನ ಮುಖ ನೋಡಲಿಲ್ಲ. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಪ್ರತಿ ಮನೆಗೂ ಮೊದಲು ಒಂದು ಒಳ್ಳೆಯ ಸುದ್ದಿಯನ್ನೇ ಒಯ್ಯುತ್ತೇನೆ. ‘ನಿಮ್ಮವನು ಹದಿಮೂರರ ಮಗ್ಗಿ ತಪ್ಪಿಲ್ಲದೆ ಹೇಳಿದ’, ‘ನಿಮ್ಮ ಹುಡುಗಿ ಹೊಸದಾಗಿ ಬಂದ ಮಗುವಿಗೆ ಸ್ಲೇಟು ಹಿಡಿಯುವುದನ್ನು ಕಲಿಸಿದಳು’ ಎಂದು. ಅದಾದ ಮೇಲೆ ಗಾಜಿನ ಮಾತು ಬಂದರೂ ಕೈ ಮೇಲೇಳುವುದಿಲ್ಲ.

ಇನ್ನು ತಮ್ಮ ಕಡೆಯ ಕೆಲಸ. ಸಂಜೆ ಮಗುವನ್ನು ‘ಏನು ಓದಿದೆ?’ ಎಂದು ಕೇಳಬೇಡಿ. ‘ಏನೂ ಇಲ್ಲ’ ಎಂದೇ ಉತ್ತರ ಬರುತ್ತದೆ. ‘ಇವತ್ತು ಯಾರ ಜೊತೆ ಕೂತಿದ್ದೆ? ಯಾವ ಚಿತ್ರದ ಕಾರ್ಡು ಸಿಕ್ಕಿತು? ಚಪ್ಪರಕ್ಕೆ ನಿನ್ನದು ಏನು ಕಟ್ಟಿದರು?’ ಎಂದು ಕೇಳಿ. ತರಗತಿಯಲ್ಲಿ ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕುತ್ತೇವೆ, ಅದೇ ಚಪ್ಪರ. ಓದು ಬಾರದ ತಾಯಿಯೂ ಈ ಪ್ರಶ್ನೆ ಕೇಳಬಹುದು. ಬೀಜದ ಲೆಕ್ಕ, ಹಾಲಿನ ಲೆಕ್ಕ ಮಾಡುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಡೈರಿಯ ಚೀಟಿಯನ್ನು ಅದರ ಕೈಯಲ್ಲೇ ಓದಿಸಿ. ತಡವರಿಸಿದರೆ ಬೈಯಬೇಡಿ, ನನಗೆ ಹೇಳಿ. ಎಲ್ಲಿ ಎಡವಿತೆಂದು ತಿಳಿದರೆ ನನಗೆ ಅರ್ಧ ಕೆಲಸ ಆದಂತೆ.

ಊಟದ ವಿಚಾರವನ್ನೂ ತಾವು ವಿಚಾರಿಸಬೇಕು. ನಮ್ಮ ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ಆರಂಭವಾಯಿತು, ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕೆಂಬ ನಿಯಮವಿದೆ. ಆ ದೊಡ್ಡವರಲ್ಲಿ ತಾವೂ ಒಬ್ಬರಾಗಿ ಒಂದು ದಿನ ಬನ್ನಿ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು 2001ರಿಂದ ನಮ್ಮ ಶಾಲೆಗಳಲ್ಲಿದೆ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆಯಲ್ಲಿದೆ. ಆದರೆ ನಾನು ಕಂಡ ಸಭೆಗಳಲ್ಲಿ ಕಾಂಪೌಂಡು, ನಲ್ಲಿ, ಬಣ್ಣ ಇವುಗಳ ಮಾತೇ ಮಾತು. ತಾಯಂದಿರು ರುಜು ಹಾಕಿ ಎದ್ದು ಹೋಗುತ್ತಾರೆ. ಕಾಂಪೌಂಡು ಬೇಕು, ಬೇಡವೆನ್ನುವುದಿಲ್ಲ. ಅದರ ಮೊದಲು ಪ್ರಗತಿ ನೋಟದ ಹಾಳೆಯನ್ನು ಗೋಡೆಯಿಂದ ಇಳಿಸಿ ನಡುವೆ ಹಾಸಿಕೊಂಡು, ಯಾವ ಮಗು ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂದು ಕೇಳಿರಿ. ನನ್ನನ್ನೂ ಕೇಳಿರಿ. ಉತ್ತರ ಹೇಳಲು ತಡವರಿಸಿದರೆ ನಾನೂ ಹಾಜರಿ ಪುಸ್ತಕ ತೆರೆದು ನೋಡುತ್ತೇನೆ.

ಟಿ.ಸಿ. ಕೇಳಲು ಬಂದ ಆ ರೈತರ ಕಥೆ ಅರ್ಧಕ್ಕೆ ನಿಂತಿತು. ಅಂದು ಒಂದು ಗಂಟೆ ಕೂತು ನೋಡಿದ ಮೇಲೆ ಅವರು, ತಮ್ಮ ಮಗ ಯಾವ ಮೆಟ್ಟಿಲಿನಲ್ಲಿದ್ದಾನೆಂದು ಕೇಳಿದರು. ಹುಡುಗನೇ ಎದ್ದು ಬಂದು ತೋರಿಸಿದ. ‘ಪಕ್ಕದ ಮನೆ ಹುಡುಗಿ ಮುಂದಿದ್ದಾಳಲ್ಲೋ’ ಎಂದರು. ‘ಅವಳು ನಂಗೆ ಹೇಳಿಕೊಡ್ತಾಳೆ ಅಪ್ಪ’ ಎಂದ. ಅವರು ಟಿ.ಸಿ.ಯ ಮಾತೆತ್ತದೆ ಎದ್ದು ಹೋದರು. ಮರುವರ್ಷ ಅವನ ತಂಗಿಯನ್ನೂ ತಂದು ಸೇರಿಸಿದರು.

ಬರುವ ಶನಿವಾರ ಬೆಳಗಿನ ತರಗತಿ. ಬಾಗಿಲು ತೆರೆದಿರುತ್ತದೆ, ಹೊಲಕ್ಕೆ ಹೋಗುವವರು ಹಾದಿಯಲ್ಲೇ ಅರ್ಧ ಗಂಟೆ ಬಂದು ಕೂರಬಹುದು. ಬಟ್ಟೆ ಮಾಸಿದೆ, ಕೈ ಮಣ್ಣಾಗಿದೆ ಎಂದು ಸಂಕೋಚ ಬೇಡ. ಚಪ್ಪಲಿಯನ್ನು ಮಾತ್ರ ಹೊರಗೆ ಬಿಟ್ಟು ಬನ್ನಿ. ಮಕ್ಕಳು ನೆಲದ ಮೇಲೆ ಕೂತು ಬರೆಯುತ್ತಿರುತ್ತವೆ.