ಅಧ್ಯಾಪಕರ ಅಂಜಿಕೆ, ಹೆತ್ತವರ ಹೊಣೆ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕನ್ನಡ ಶಾಲೆಯನ್ನು ಉಳಿಸಬೇಕು ಎಂಬ ಭಾಷಣವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಅದನ್ನೇ ನಾನು ಮತ್ತೊಮ್ಮೆ ಹೇಳಲು ನಿಂತಿಲ್ಲ. ಇಂದು ಒಂದೇ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಕೊರೋನಾ ಕಾಲದಲ್ಲಿ ಮುಚ್ಚಿದ ಶಾಲೆಗಳು ತಿರುಗಿ ತೆರೆದಾಗ ಒಳಗೆ ಕಾಲಿಟ್ಟ ಅಧ್ಯಾಪಕರ, ಅಡುಗೆಯವರ, ಕಚೇರಿ ಸಹಾಯಕರ ಮನಸ್ಸಿನಲ್ಲಿ ಒಂದು ಅಂಜಿಕೆ ಇತ್ತು. ಅದನ್ನು ಅವರು ನಿಮ್ಮ ಹತ್ತಿರ ಹೇಳಲಿಲ್ಲ. ನೀವೂ ಕೇಳಲಿಲ್ಲ. ಅದೇಕೆ ಹಾಗಾಯಿತು, ಇನ್ನು ಮುಂದೆ ಹಾಗಾಗದಂತೆ ಏನು ಮಾಡಬೇಕು ಎಂಬುದೇ ನನ್ನ ಮಾತು.

ಮೊದಲು ನಡೆದುದನ್ನು ನೆನಪಿಗೆ ತಂದುಕೊಳ್ಳೋಣ. ದೇಶದ ಮೊದಲ ಕೊರೋನಾ ರೋಗಿ 2020ರ ಜನವರಿ 30ರಂದು ತೃಶ್ಶೂರಿನಲ್ಲಿ ಪತ್ತೆಯಾದರು. ಮೂರನೆಯವರು ನಮ್ಮದೇ ಜಿಲ್ಲೆಯ ಕಾಞಂಗಾಡಿನವರು. ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. 2021ರ ಜನವರಿ 1ರಂದು ಹತ್ತು ಮತ್ತು ಹನ್ನೆರಡನೇ ತರಗತಿಯವರಿಗೆ ಮಾತ್ರ ಬಾಗಿಲು ತೆರೆಯಿತು. ಕಿರಿಯ ಮಕ್ಕಳು ಬಂದುದು 2021ರ ನವೆಂಬರ್ 1ರಂದು. ನಡುವೆ ಸುಮಾರು ಇಪ್ಪತ್ತು ತಿಂಗಳು ಕಳೆದಿದ್ದವು. 2020ರ ಜೂನಿನಲ್ಲಿ ಒಂದನೇ ತರಗತಿಗೆ ಸೇರಿದ ಮಗು ತನ್ನ ಶಾಲೆಯ ಬೆಂಚಿನ ಮೇಲೆ ಮೊದಲು ಕುಳಿತುದು ಎರಡನೇ ತರಗತಿಯಲ್ಲಿ.

ಬೇರೆ ಗಡಿನಾಡುಗಳಲ್ಲಿಯೂ ಇದೇ ಗೊಂದಲ. ಆಂಧ್ರಪ್ರದೇಶದಲ್ಲಿ 2020ರ ನವೆಂಬರ್ 2ರಂದೇ ಒಂಬತ್ತು, ಹತ್ತನೇ ತರಗತಿಗಳನ್ನು ತೆರೆದರು. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಅಧ್ಯಾಪಕರಿಗೆ ಸೋಂಕು ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಮಹಾರಾಷ್ಟ್ರದಲ್ಲಿ ಅದೇ ತಿಂಗಳ 23ರಂದು ಮೇಲಿನ ತರಗತಿಗಳನ್ನು ತೆರೆಯುವ ಮುಂಚೆ ಅಧ್ಯಾಪಕರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೇಳಿದರು. ತಮಿಳುನಾಡಿನಲ್ಲಿ ನವೆಂಬರ್ 16ರಂದು ತೆರೆಯುವುದಾಗಿ ಸಾರಿ, ಹೆತ್ತವರ ಅಭಿಪ್ರಾಯ ಕೇಳಿ, ಆಮೇಲೆ ಆ ನಿರ್ಧಾರವನ್ನೇ ಕೈಬಿಟ್ಟರು. ಅತ್ತ ಕರ್ನಾಟಕದಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆಯನ್ನು, ಅಧ್ಯಾಪಕರ ಸಾವಿನ ಸುದ್ದಿಗಳು ಬಂದ ಬಳಿಕ, 2020ರ ಅಕ್ಟೋಬರಿನಲ್ಲಿ ನಿಲ್ಲಿಸಿದರು. ಪತ್ರಿಕೆಯಲ್ಲಿ ಇವನ್ನೆಲ್ಲ ಓದುತ್ತಿದ್ದ ಅಧ್ಯಾಪಕರು ನಿಶ್ಚಿಂತೆಯಿಂದ ಇರುವುದಾದರೂ ಹೇಗೆ?

ಆದರೆ ಊರಿನಲ್ಲಿ ಕೇಳಿಬರುತ್ತಿದ್ದ ಮಾತೇ ಬೇರೆ. "ಮಾಸ್ಟ್ರುಗಳಿಗೆ ಮನೆಯಲ್ಲಿ ಕುಳಿತು ಸಂಬಳ ತೆಗೆದುಕೊಂಡು ಅಭ್ಯಾಸವಾಗಿದೆ" ಎಂದು ಅಂಗಡಿ ಜಗಲಿಗಳಲ್ಲಿ ಹೇಳುತ್ತಿದ್ದರು. ಇದು ನಿಜವಲ್ಲ. ನಮ್ಮ ಜಿಲ್ಲೆಯಲ್ಲಿ 'ಮಾಶ್' ಎಂಬ ಯೋಜನೆಯಡಿ ಅಧ್ಯಾಪಕರು ವಾರ್ಡ್ ವಾರ್ಡ್ ತಿರುಗಿ ರೋಗದ ಬಗ್ಗೆ ಜಾಗೃತಿಯ ಕೆಲಸ ಮಾಡಿದರು. ಆದರೂ ಆ ಮಾತಿಗೆ ಹೆದರಿಯೇ ಅನೇಕರು ಬಾಯಿ ಮುಚ್ಚಿಕೊಂಡರು. ತರಗತಿಗೆ ಹೋಗಲು ಭಯವಾಗುತ್ತದೆ ಎಂದರೆ ಸೋಮಾರಿ ಎಂಬ ಹೆಸರು ಬರುತ್ತದೆ ಎಂದು ಸುಮ್ಮನಾದರು.

ಆ ಭಯ ಏನಾಗಿತ್ತು? ಆಗ ನನಗೆ ಐವತ್ತನಾಲ್ಕು ವರ್ಷ, ಜತೆಗೆ ಸಕ್ಕರೆ ಕಾಯಿಲೆ. ಅಡುಗೆಯವರನ್ನೂ ಸೇರಿಸಿ ಒಂಬತ್ತು ಮಂದಿ ಸಿಬ್ಬಂದಿ ನಮ್ಮ ಶಾಲೆಯಲ್ಲಿದ್ದರು. ಅವರಿಂದ ತಿಳಿದುದನ್ನು ಹೇಳುತ್ತೇನೆ.

ಮೊದಲನೆಯದು ಮನೆಯವರ ಚಿಂತೆ. ಒಬ್ಬ ಟೀಚರಿಗೆ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ. ತನಗೆ ರೋಗ ಬಂದರೆ ತಡೆದುಕೊಂಡೇನು, ಅವರಿಗೆ ಅಂಟಿಸಿದರೆ ಏನು ಗತಿ ಎಂಬುದು ಆಕೆಯ ಪ್ರಶ್ನೆ. ಲಸಿಕೆ ಬಂದಿತ್ತು, ನಿಜ. ಆದರೆ ಅಧ್ಯಾಪಕರಿಗೆಂದು ಮೊದಲಲ್ಲಿ ಪ್ರತ್ಯೇಕ ಸರದಿ ಇರಲಿಲ್ಲ. 2021ರ ಏಪ್ರಿಲಿನಲ್ಲಿ 45 ದಾಟಿದವರೆಲ್ಲರಿಗೆ, ಮೇ ತಿಂಗಳಲ್ಲಿ 18 ದಾಟಿದವರಿಗೆ ಎಂದಾಯಿತು. ಅಧ್ಯಾಪಕ ದಿನಾಚರಣೆಗೆ ಮುಂಚೆ ಎಲ್ಲ ಅಧ್ಯಾಪಕರಿಗೂ ಲಸಿಕೆ ಹಾಕಬೇಕೆಂದು ಕೇಂದ್ರ ಸರಕಾರ ಹೇಳಿದುದು ಆ ವರ್ಷದ ಆಗಸ್ಟ್ ಕೊನೆಗೆ. ಎದುರಿಗೆ ಕುಳಿತ ಪುಟ್ಟ ಮಕ್ಕಳಿಗಂತೂ ಲಸಿಕೆಯೇ ಇರಲಿಲ್ಲ. 15 ದಾಟಿದವರಿಗೇ ಅದು ಸಿಕ್ಕಿದುದು 2022ರ ಜನವರಿಯಲ್ಲಿ. ಲಸಿಕೆ ಹಾಕಿಕೊಳ್ಳದ ಅಧ್ಯಾಪಕರೂ ಕೆಲವರಿದ್ದರು. ರಾಜ್ಯದಲ್ಲಿ ಅಂಥ ಅಧ್ಯಾಪಕರು ಮತ್ತು ಸಿಬ್ಬಂದಿ 1,707 ಮಂದಿ ಎಂದು 2021ರ ಡಿಸೆಂಬರಿನಲ್ಲಿ ಶಿಕ್ಷಣ ಮಂತ್ರಿಗಳೇ ತಿಳಿಸಿದರು. ಅವರ ಬಗ್ಗೆ ಸಹೋದ್ಯೋಗಿಗಳಿಗೇ ಅಂಜಿಕೆ ಇತ್ತು. ಇದನ್ನೂ ಮುಚ್ಚಿಡಬಾರದು.

ಎರಡನೆಯದು ಆಸ್ಪತ್ರೆಯ ಚಿಂತೆ. ಇದು ಗಡಿಯವರಾದ ನಮಗೇ ವಿಶೇಷವಾದುದು. ದೊಡ್ಡ ಕಾಯಿಲೆ ಬಂದರೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಏನಾಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಚಿಕಿತ್ಸೆಗೆ ದಾಟಲಾರದೆ ನಮ್ಮ ಕಡೆಯ ಕೆಲವರು ತೀರಿಕೊಂಡಿದ್ದರು. 2021ರಲ್ಲಿ ಮತ್ತೆ ಗಡಿ ದಾಟಲು ಪರೀಕ್ಷೆಯ ಪ್ರಮಾಣಪತ್ರ ಬೇಕೆಂದಾಯಿತು. "ನನಗೆ ಉಸಿರು ಕಟ್ಟಿದರೆ ಯಾವ ದಾರಿಯಲ್ಲಿ ಹೋಗಲಿ?" ಎಂದು ನಮ್ಮ ಒಬ್ಬ ಮಾಸ್ಟ್ರು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೆಯದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಪಕ್ಕದ ಮಲಯಾಳ ಮಾಧ್ಯಮದ ತರಗತಿಯಲ್ಲಿ ಒಬ್ಬ ಅಧ್ಯಾಪಕರು ಎರಡು ವಾರ ಬಾರದಿದ್ದರೆ ಇನ್ನೊಬ್ಬರನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸುವವರು ಮಲಗಿದರೆ ಆ ಜಾಗಕ್ಕೆ ಯಾರು? ಕನ್ನಡ ಬಾರದವರನ್ನು ತಂದು ನಿಲ್ಲಿಸಿದರೆ ಏನಾಗುತ್ತದೆಂದು ನೀವು ಈ ಜಿಲ್ಲೆಯಲ್ಲಿ ಕಂಡಿದ್ದೀರಿ, ಅದಕ್ಕಾಗಿ ಬೀದಿಗೂ ಇಳಿದಿದ್ದೀರಿ. ಹೀಗಾಗಿ ನಮ್ಮ ಅಧ್ಯಾಪಕರಿಗೆ ಕಾಯಿಲೆ ಬೀಳುವುದಕ್ಕೂ ಧೈರ್ಯವಿರಲಿಲ್ಲ. ಮೈ ಬೆಚ್ಚಗಿದ್ದರೂ ಒಂದು ಮಾತ್ರೆ ನುಂಗಿ ಬರುವವರಿದ್ದರು. ಇದನ್ನು ಕರ್ತವ್ಯನಿಷ್ಠೆ ಎಂದು ನಾವು ಹೊಗಳುತ್ತೇವೆ. ಅಂಟುರೋಗದ ಕಾಲದಲ್ಲಿ ಅದು ಇಡೀ ಶಾಲೆಗೆ ಅಪಾಯ.

ನಾಲ್ಕನೆಯದು ಮಕ್ಕಳ ಬಗೆಗಿನ ಚಿಂತೆ. ನಿಮ್ಮ ಮನೆಗಳಲ್ಲಿ ಆಡುವುದು ತುಳು, ಕೊಂಕಣಿ, ಹವ್ಯಕ, ಮರಾಠಿ, ಬ್ಯಾರಿ. ಹೊರಗೆ ಕೇಳುವುದು ಮಲಯಾಳ. ಬಹಳ ಮಕ್ಕಳಿಗೆ ಬರಹದ ಕನ್ನಡ ಕಿವಿಗೆ ಬೀಳುವ ಜಾಗ ಶಾಲೆ ಒಂದೇ. ಆ ಜಾಗ ಇಪ್ಪತ್ತು ತಿಂಗಳು ಮುಚ್ಚಿತ್ತು. ತೆರೆದ ಮೇಲೂ ಬಾಯಿಗೆ ಮಾಸ್ಕ್. ಲಕಾರಕ್ಕೂ ಳಕಾರಕ್ಕೂ ಇರುವ ವ್ಯತ್ಯಾಸವನ್ನು ಬಾಯಿ ತೋರಿಸದೆ ಕಲಿಸುವುದು ಹೇಗೆ? ಮಾಸ್ಕ್ ತೆಗೆದರೆ ರೋಗದ ಭಯ, ತೆಗೆಯದಿದ್ದರೆ ಮಗುವಿಗೆ ಅಕ್ಷರ ಬಾರದ ಭಯ. ಒಂದನೇ ತರಗತಿಯ ಟೀಚರ್ ಈ ಎರಡರ ನಡುವೆ ದಿನವೂ ಒದ್ದಾಡಿದರು.

ಇನ್ನು ನಾನು ಹೇಳಬೇಕಾದುದು ನನ್ನದೇ ತಪ್ಪು. ಶಾಲೆ ತೆರೆಯುವ ವಾರ ನಾನು ಸಿಬ್ಬಂದಿ ಸಭೆ ಕರೆದು ಸುತ್ತೋಲೆ ಓದಿದೆ. ಮಕ್ಕಳನ್ನು ಗುಂಪು ಮಾಡಬೇಕು, ತರಗತಿ ಮಧ್ಯಾಹ್ನದವರೆಗೆ, ಹೆತ್ತವರ ಒಪ್ಪಿಗೆ ಇರಬೇಕು, ಇತ್ಯಾದಿ. ಓದಿ ಮುಗಿಸಿ "ಎಲ್ಲರಿಗೂ ಅರ್ಥವಾಯಿತಲ್ಲ?" ಎಂದೆ. ಎಲ್ಲರೂ ತಲೆಯಾಡಿಸಿದರು. ಸಭೆ ಮುಗಿಯಿತು ಎಂದುಕೊಂಡಾಗ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಅಡುಗೆಯಾಕೆ ಕೇಳಿದಳು: "ಮಾಸ್ಟ್ರೇ, ನನಗೆ ಜ್ವರ ಬಂದರೆ ಹೇಳಬೇಕೋ, ಹೇಳಬಾರದೋ?"

ನನಗೆ ಸಿಟ್ಟು ಬಂತು. "ಇದೇನು ಕೇಳುವುದು, ಹೇಳಲೇಬೇಕು" ಎಂದೆ. ಆಕೆ ತಣ್ಣಗೆ ಹೇಳಿದಳು: "ಹೇಳಿದರೆ ಹದಿನಾಲ್ಕು ದಿನ ಕೂಲಿ ಇಲ್ಲ. ಹೇಳದಿದ್ದರೆ ಮಕ್ಕಳಿಗೆಲ್ಲ ಬಡಿಸುವವಳು ನಾನೇ. ನೀವೇ ಹೇಳಿ."

ಬಂಧುಗಳೇ, ಶಾಲೆಯ ಅಡುಗೆಯವರಿಗೆ ಸಿಗುವುದು ಕೆಲಸ ಮಾಡಿದ ದಿನದ ಕೂಲಿ. ಸುತ್ತೋಲೆಯಲ್ಲಿ ಕೈ ತೊಳೆಯುವ ಬಗೆ ಇತ್ತು, ಆಕೆಯ ಪ್ರಶ್ನೆಗೆ ಉತ್ತರವಿರಲಿಲ್ಲ. ಆಕೆ ಬಾಯಿ ಬಿಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೇಳತೊಡಗಿದರು. ನಾನು ಮೇಲೆ ಹೇಳಿದ ಭಯಗಳೆಲ್ಲ ಆ ಸಂಜೆ ಹೊರಬಂದವು. ಎರಡು ದಿನದಲ್ಲಿ ರಕ್ಷಕ-ಶಿಕ್ಷಕ ಸಂಘದ ಸಮಿತಿ ಸೇರಿತು. ಅಡುಗೆಯಾಕೆ ಕಾಯಿಲೆಯಿಂದ ಬಾರದಿದ್ದರೆ ಆಕೆಯ ಕೂಲಿಯನ್ನು ಸಂಘವೇ ಕೊಡುವುದು, ಆ ದಿನಗಳಲ್ಲಿ ಇಬ್ಬರು ತಾಯಂದಿರು ಸರದಿಯಲ್ಲಿ ಅಡುಗೆ ಮಾಡುವುದು ಎಂದು ತೀರ್ಮಾನವಾಯಿತು. ವಯಸ್ಸಾದವರು ಮನೆಯಲ್ಲಿದ್ದ ಟೀಚರಿಗೆ ಗಾಳಿ ಬೆಳಕು ಹೆಚ್ಚಿರುವ ಜಗಲಿಯ ಕೋಣೆ ಕೊಟ್ಟೆವು. 2022ರ ಜನವರಿಯಲ್ಲಿ ಆಕೆಗೆ ಜ್ವರ ಬಂದೇ ಬಂತು. ಮೊದಲನೇ ದಿನವೇ ಹೇಳಿದಳು, ಮನೆಯಲ್ಲಿ ಉಳಿದಳು. ಎರಡು ವಾರದ ಕೂಲಿ ಸಂಘದಿಂದ ಹೋಯಿತು. ಖರ್ಚು ದೊಡ್ಡದೇನೂ ಆಗಲಿಲ್ಲ.

ಹೇಳಿಕೊಂಡ ಭಯಕ್ಕೆ ಏರ್ಪಾಡು ಮಾಡಬಹುದು. ಒಳಗೇ ಇಟ್ಟುಕೊಂಡ ಭಯದಿಂದ ರೋಗವೂ ಹರಡುತ್ತದೆ, ಮನಸ್ತಾಪವೂ ಬೆಳೆಯುತ್ತದೆ. ನನ್ನ ಭಾಷಣದಲ್ಲಿ ಇದೊಂದು ನೆನಪಿದ್ದರೆ ಸಾಕು.

"ಕೊರೋನಾ ಹೋಯಿತಲ್ಲ, ಈಗೇಕೆ ಈ ಮಾತು?" ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ತುರ್ತು ಸ್ಥಿತಿ ಮುಗಿಯಿತೆಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಪಾ ಜ್ವರದಿಂದ ನಮ್ಮದೇ ರಾಜ್ಯದ ಕೋಝಿಕ್ಕೋಡಿನಲ್ಲಿ ಶಾಲೆಗಳನ್ನು ಮುಚ್ಚಬೇಕಾಯಿತು. ಇನ್ನೊಂದು ಬಾರಿ ನಮ್ಮ ಬಾಗಿಲಿಗೇ ಬರಬಹುದು. ಆದುದರಿಂದ ಈಗಲೇ ಐದು ಕೆಲಸ ಮಾಡಿಡಿ ಎಂದು ತಮ್ಮಲ್ಲಿ ವಿನಂತಿ.

ಒಂದು, ಜ್ವರ ಬಂದ ಮಗುವನ್ನು ಶಾಲೆಗೆ ಕಳುಹಿಸಬೇಡಿ, ವಿಷಯವನ್ನು ಮುಚ್ಚಿಡಬೇಡಿ. ಹಾಜರಾತಿಗಿಂತ ಇದು ದೊಡ್ಡದು.

ಎರಡು, ನಿಮ್ಮ ಊರಿನಲ್ಲಿ ನಿವೃತ್ತ ಕನ್ನಡ ಅಧ್ಯಾಪಕರು, ತರಬೇತಿ ಮುಗಿಸಿ ಕೆಲಸ ಕಾಯುತ್ತಿರುವ ಯುವಕ ಯುವತಿಯರು ಯಾರಿದ್ದಾರೆಂದು ಒಂದು ಪಟ್ಟಿ ಮಾಡಿ ಮುಖ್ಯೋಪಾಧ್ಯಾಯರ ಕೈಗೆ ಕೊಡಿ. ಅಧ್ಯಾಪಕರಿಗೆ ಕಾಯಿಲೆ ಬಂದರೆ ತರಗತಿ ಕನ್ನಡದಲ್ಲಿಯೇ ನಡೆಯಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350 ಎ ವಿಧಿ ಹೇಳುತ್ತದೆ. ರೋಗದ ಕಾಲದಲ್ಲಿ ಅದಕ್ಕೆ ರಜೆ ಇಲ್ಲ.

ಮೂರು, ಆರೋಗ್ಯದ ಸುತ್ತೋಲೆಗಳನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಇಲ್ಲಿನ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದೆಂಬುದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿಯೇ ಇದೆ. ಅರ್ಥವಾಗದ ಸೂಚನೆಯನ್ನು ಪಾಲಿಸಲು ಯಾರಿಂದಲೂ ಆಗದು.

ನಾಲ್ಕು, ಕಿಟಕಿಗಳನ್ನು ನೋಡಿ. ಆಗ ನಾವು ಬೆಂಚು ಡೆಸ್ಕುಗಳನ್ನು ಬ್ಲೀಚಿಂಗ್ ಪುಡಿಯಿಂದ ತೊಳೆದು ತೊಳೆದು ಸುಸ್ತಾದೆವು. ಈ ರೋಗ ಮುಖ್ಯವಾಗಿ ಗಾಳಿಯಿಂದ ಹರಡುತ್ತದೆಂದು ಈಗ ತಿಳಿದಿದೆ. ತುಕ್ಕು ಹಿಡಿದು ತೆರೆಯಲಾಗದ ಕಿಟಕಿಯನ್ನು ಸರಿ ಮಾಡಿಸುವುದಕ್ಕೆ ಒಬ್ಬ ಬಡಗಿಯ ಒಂದು ದಿನದ ಕೆಲಸ ಸಾಕು. ನಿಮ್ಮಲ್ಲಿಯೇ ಬಡಗಿಗಳಿದ್ದೀರಿ.

ಐದು, ಅಡುಗೆಯವರಿಗೆ, ಕಸ ಗುಡಿಸುವವರಿಗೆ, ವಾಹನ ಓಡಿಸುವವರಿಗೆ ಕಾಯಿಲೆ ಬಂದಾಗ ಕೂಲಿ ಕೊಡಲು ಸಂಘದಲ್ಲಿ ಒಂದು ಸಣ್ಣ ನಿಧಿ ಇಟ್ಟುಕೊಳ್ಳಿ.

ಕೊನೆಯದಾಗಿ ಇನ್ನೊಂದು ಮಾತು. ಈ ಸಭೆ ಮುಗಿದ ಮೇಲೆ ಚಾ ಕುಡಿಯುವಾಗ ನಿಮ್ಮ ಮಗುವಿನ ಅಂಕಗಳ ಬಗ್ಗೆ ನೀವು ಟೀಚರ್ ಹತ್ತಿರ ಕೇಳುತ್ತೀರಿ. ಕೇಳಬೇಕಾದುದೇ. ಅದರ ಜತೆಗೆ "ನಿಮಗೆ ಇಲ್ಲಿ ಏನಾದರೂ ತೊಂದರೆ ಇದೆಯೇ, ಟೀಚರ್?" ಎಂದೂ ಕೇಳಿ. ಮೊದಲ ಸಲ ಅವರು "ಏನಿಲ್ಲ" ಎಂದಾರು. ಎರಡನೇ ಸಲವೂ ಕೇಳಿ.